ಜಾರಿದರೆ ಎಲ್ಲಿ ನಿಲ್ಲುತ್ತೇವೆ

ಅವನು ಫೋನನ್ನು ಪುಲಾವಿನ ಪಾತ್ರೆಗೆ ಒರಗಿಸಿ ನಮಗೆಲ್ಲ ಕಾಣುವಂತೆ ನಿಲ್ಲಿಸಿದ. ಚಿತ್ರದಲ್ಲಿದ್ದವನು ಅವನೇ. ಕೆಂಪು ಜಾಕೆಟ್ಟು, ಕಪ್ಪು ಕನ್ನಡಕ, ಬಲಗೈಯಲ್ಲಿ ಹಿಮಗೊಡಲಿ, ಕಾಲಡಿ ಬಿಳುಪು, ಹಿಂದೆ ಬರೀ ಆಕಾಶ.

"ತಾರಾನಾಕಿ ಬೆಟ್ಟ," ಎಂದ. "ಟಾಪು. ಹೋದ ವಿಂಟರ್‌ನಲ್ಲಿ. ಈ ಸಲ ನೀವಿಬ್ರೂ ಬನ್ನಿ. ಬೆಳಿಗ್ಗೆ ಹತ್ತೋದು, ಸಾಯಂಕಾಲ ಇಳಿಯೋದು. ಏನೂ ಕಷ್ಟ ಇಲ್ಲ."

ಆಕ್ಲೆಂಡಿನ ಅಂಚಿನ ತಕಾನಿನಿಯ ನಮ್ಮ ಮನೆಯಲ್ಲಿ ಒಂದು ಭಾನುವಾರದ ಊಟ ಅದು. ಎರಡು ಸಾವಿರದ ಹದಿನಾರೋ ಹದಿನೇಳೋ ಇರಬೇಕು. ಅವನು ಬೆಂಗಳೂರಿನವನು, ಸಿವಿಲ್ ಎಂಜಿನಿಯರ್. ಅವನ ಹೆಂಡತಿ ಮೈಸೂರಿನವಳು. ಆಕ್ಲೆಂಡಿಗೆ ಓದಲು ಬಂದಾಗ ಅವಳು ನನ್ನ ರೂಮ್‌ಮೇಟ್ ಆಗಿದ್ದಳು, ಅವನು ಮೇಲಿನ ಫ್ಲಾಟಿನ ಹುಡುಗ. ಓದು ಮುಗಿದು, ಕೆಲಸ ಸಿಕ್ಕು, ಅವರಿಬ್ಬರೂ ಮದುವೆಯಾಗಿ ಬಾಟನಿ ಡೌನ್ಸ್‌ನಲ್ಲಿ ಮನೆ ಮಾಡಿದರು. ನಾನು ಹುಬ್ಬಳ್ಳಿಗೆ ಹೋಗಿ ನಿಕಾಹ್ ಮಾಡಿಕೊಂಡು ಗಂಡನನ್ನು ಕರೆದುಕೊಂಡು ಬಂದೆ. ಅವನು ಈಗ ಒನೆಹುಂಗಾದಲ್ಲಿ ಟೈರು ಅಂಗಡಿ ನಡೆಸುತ್ತಾನೆ. ನಾನು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುತ್ತೇನೆ.

ನನಗೂ ಆಸೆ ಇತ್ತು. ಅದನ್ನು ಮೊದಲೇ ಹೇಳದಿದ್ದರೆ ಮುಂದಿನದೆಲ್ಲ ಸುಳ್ಳಾಗುತ್ತದೆ. ಪ್ರತಿ ಜುಲೈನಲ್ಲಿ, ಇಲ್ಲಿಯ ಚಳಿಗಾಲಕ್ಕೆ, ನಾವು ಮಗಳನ್ನು ಕರೆದುಕೊಂಡು ರುವಾಪೆಹು ಬೆಟ್ಟದ ಕಾರ್ ಪಾರ್ಕಿನವರೆಗೆ ಹೋಗುತ್ತಿದ್ದೆವು. ಅಲ್ಲಿ ಹಿಮದ ಗೊಂಬೆ ಮಾಡಿ, ಕಾರಿನೊಳಗೇ ಕೂತು ಡಬ್ಬಿ ಬಿಚ್ಚಿ ಉಂಡು, ಕಾಲು ಒದ್ದೆ ಮಾಡಿಕೊಂಡು ವಾಪಸ್ಸು ಬರುವುದು. ಮೇಲೆ, ತುಂಬ ಮೇಲೆ, ಇರುವೆಗಳ ಹಾಗೆ ಸಾಲಾಗಿ ಹತ್ತುವವರು ಕಾಣುತ್ತಿದ್ದರು. ಗಂಡ ಅವರನ್ನು ನೋಡುತ್ತ ನಿಲ್ಲುತ್ತಿದ್ದ. ನಾನು ನೋಡದವಳ ಹಾಗೆ ನೋಡುತ್ತಿದ್ದೆ.

ಆದರೂ ಆ ಭಾನುವಾರ ನನಗೆ ಆ ಚಿತ್ರದ ಮೇಲೆ ನಂಬಿಕೆ ಹುಟ್ಟಲಿಲ್ಲ. ಅವನು ಹತ್ತಿದ್ದನ್ನು ವಿವರವಾಗಿ ಹೇಳಿದ. ಕತ್ತಲಲ್ಲಿ ಹೊರಟದ್ದು, ತಲೆಗೆ ಕಟ್ಟಿದ ದೀಪ, ಹೊತ್ತು ಮೂಡಿದಾಗ ಬೆಟ್ಟದ ನೆರಳು ಕಡಲ ಮೇಲೆ ತ್ರಿಕೋನವಾಗಿ ಬಿದ್ದದ್ದು, ಮೇಲೆ ಹೋದಂತೆ ಹಿಮ ಗಟ್ಟಿಯಾದದ್ದು. ಎಲ್ಲವೂ ಚೆನ್ನಾಗಿತ್ತು, ಎಲ್ಲೋ ಓದಿ ಹೇಳಬಹುದಾದಷ್ಟು ಚೆನ್ನಾಗಿತ್ತು.

"ಇಳಿಯೋದು ಹೆಂಗಿತ್ತು?" ಅಂದೆ.

"ಅದೇ ದಾರೀಲಿ. ಇಳ್ದೆ," ಎಂದು ಹೇಳಿ ನೀರಿನ ಜಗ್ಗಿಗೆ ಕೈ ಚಾಚಿದ.

"ಈ ಫೋಟೋ ಯಾರು ತೆಗೆದ್ರು?"

"ಯಾರೋ ಇದ್ರು ಮೇಲೆ. ಜರ್ಮನ್ಸ್ ಅನ್ಸುತ್ತೆ."

ಅವನ ಹೆಂಡತಿ ನನ್ನ ಮಗಳ ತಟ್ಟೆಯಲ್ಲಿ ಮೂಳೆ ಬಿಡಿಸುತ್ತಿದ್ದಳು. "ನಂಗಂತೂ ಬೇಡಪ್ಪ ಆ ಚಳಿ. ನೀವೆಲ್ಲ ಹೋಗಿ, ಇವಳನ್ನ ನಾನು ನೋಡ್ಕೋತೀನಿ," ಅಂದಳು.

ಅವರು ಹೋದ ಮೇಲೆ ಪಾತ್ರೆ ತೊಳೆಯುತ್ತ ಗಂಡನಿಗೆ ಹೇಳಿದೆ. ನಾವಿಬ್ಬರೂ ಮನೆಯಲ್ಲಿ ಆಡುವುದು ಉರ್ದು. ಆದರೆ ವಾದಕ್ಕೆ ಬಿದ್ದರೆ ಅದು ಹೇಗೋ ಹುಬ್ಬಳ್ಳಿ ಕನ್ನಡಕ್ಕೆ ತಿರುಗಿಬಿಡುತ್ತದೆ.

"ಅವ ಹತ್ತಿಲ್ಲ," ಅಂದೆ.

"ಫೋಟೋ ಐತಲ್ಲ?"

"ಫೋಟೋದಾಗ ಬೆಟ್ಟ ಎಲ್ಲೈತಿ? ಬರ್ಫ ಐತಿ, ಆಕಾಶ ಐತಿ. ಕಾರ್ ಪಾರ್ಕಿನ ಮ್ಯಾಲಿನ ದಿಬ್ಬದಾಗ ನಿಂತ್ರೂ ಹಂಗ ಕಾಣತೈತಿ."

"ನೀ ಎಲ್ಲಾರ್ದೂ ಎಕ್ಸ್‌ರೇ ತಗೀತಿ," ಎಂದು ಅವನು ನಕ್ಕ.

ನಗುವ ಮಾತೇ. ಆದರೆ ನನ್ನ ಕೆಲಸ ನನಗೆ ಕಲಿಸಿದ್ದೇ ಅದು. ಚಳಿಗಾಲದ ಸೋಮವಾರಗಳಲ್ಲಿ ಮುರಿದ ಮಣಿಕಟ್ಟು, ತಿರುಚಿದ ಪಾದ ಹಿಡಿದುಕೊಂಡು ಬರುವವರೆಲ್ಲ ಮೊದಲು ಆಡುವ ಮಾತು ಒಂದೇ: ಏನೂ ಕಷ್ಟದ ಜಾಗವಲ್ಲ, ಸುಮ್ಮನೆ ಹೋಗಿದ್ದೆವು. ಈ ದೇಶದಲ್ಲಿ 'ಸುಲಭ' ಎನ್ನುವುದು ಎಷ್ಟು ಹಿಗ್ಗುವ ಪದವೆಂದು ನನಗೆ ಗೊತ್ತಿತ್ತು. ಇಲ್ಲಿಯವರು 'ಸ್ವಲ್ಪ ಗಾಳಿ' ಅಂದರೆ ಮಕ್ಕಳು ಕುಣಿಯುವ ಟ್ರ್ಯಾಂಪೋಲಿನ್ ಪಕ್ಕದ ಮನೆಯ ಅಂಗಳದಲ್ಲಿ ಇರುತ್ತದೆ.

ನಮ್ಮ ವಿಭಾಗದಲ್ಲಿ ನನ್ನ ಹಿರಿಯ ಸಹೋದ್ಯೋಗಿ ಒಬ್ಬಳಿದ್ದಳು. ನಿವೃತ್ತಿಗೆ ಹತ್ತಿರವಾಗಿದ್ದ, ಸೌತ್ ಐಲೆಂಡಿನಲ್ಲಿ ಹುಟ್ಟಿ ಬೆಳೆದ ಹೆಂಗಸು. ವಾರದ ಕೊನೆಗೆ ಒಂದು ಚಾರಣದ ಕ್ಲಬ್ಬಿನ ಜೊತೆ ಬೆಟ್ಟ ಹತ್ತುತ್ತಿದ್ದಳು, ಹೊಸಬರಿಗೆ ಹಿಮದಲ್ಲಿ ನಡೆಯುವುದನ್ನು ಕಲಿಸುತ್ತಿದ್ದಳು. ಚಹದ ಹೊತ್ತಿನಲ್ಲಿ ಅವಳನ್ನು ಕೇಳಿದೆ. ತಾರಾನಾಕಿ, ಆಗಸ್ಟಿನಲ್ಲಿ, ಮೊದಲ ಸಲ.

ಅವಳು ಕಪ್ಪನ್ನು ಕೆಳಗಿಟ್ಟಳು. "ಯಾರು ಹೇಳಿದ್ದು?"

"ಒಬ್ಬ ಸ್ನೇಹಿತ. ಏನೂ ಕಷ್ಟ ಇಲ್ಲ ಅಂದ."

"ಬೇಸಗೆಯಲ್ಲಿ ಅದು ಉದ್ದದ ನಡಿಗೆ. ಚಳಿಗಾಲದಲ್ಲಿ ಬೇರೆಯೇ ಬೆಟ್ಟ. ಕಡಲು ಪಕ್ಕದಲ್ಲೇ ಇದೆ, ಒದ್ದೆ ಗಾಳಿ ನೇರವಾಗಿ ಬಂದು ಅದರ ಮೈಮೇಲೆ ಹೆಪ್ಪುಗಟ್ಟುತ್ತದೆ. ಹಿಮ ಅಂದುಕೊಂಡು ಕಾಲಿಟ್ಟರೆ ಅದು ಗಾಜು. ಕೆಳಗೆ ಕಾಫಿ ಕುಡಿಯುತ್ತ ಕೂತವರಿಗೂ ತುದಿ ಕಾಣುತ್ತದೆ ನೋಡು, ಅದಕ್ಕೇ ಜನ ಅದನ್ನು ನಂಬುತ್ತಾರೆ."

ಆಮೇಲೆ ಅವಳು ಹೇಳಿದ್ದನ್ನು ನಾನು ಇವತ್ತಿಗೂ ಮರೆತಿಲ್ಲ. "ಮೊದಲ ಸಲ ಹತ್ತುವವರು ತುದಿ ಎಷ್ಟು ಎತ್ತರ ಅಂತ ಕೇಳುತ್ತಾರೆ. ಕೇಳಬೇಕಾದ್ದು ಅದಲ್ಲ. ಜಾರಿದರೆ ಎಲ್ಲಿ ನಿಲ್ಲುತ್ತೇವೆ ಅಂತ ಕೇಳಬೇಕು."

ಕೈ ಒರೆಸುವ ಕಾಗದದ ಮೇಲೆ ಪೆನ್ನಿನಿಂದ ಎರಡು ಗೆರೆ ಎಳೆದಳು. ಒಂದು ಇಳಿದು ಇಳಿದು ಬಂಡೆಯ ಅಂಚಿನಲ್ಲಿ ತುಂಡಾಗಿತ್ತು. ಇನ್ನೊಂದು ಇಳಿದು, ಬಟ್ಟಲಿನ ತಳದ ಹಾಗೆ ಸಮತಟ್ಟಾಗಿತ್ತು. ಎರಡನೆಯ ಗೆರೆಯಂಥ ಜಾಗ ಬೇಕು, ಮೇಲಿನಿಂದ ಹಿಮ ಕುಸಿದು ಬೀಳುವಂಥ ಕಡಿದಾದ ಇಳಿಜಾರು ತಲೆಯ ಮೇಲೆ ಇರಬಾರದು, ಎಲ್ಲಿ ಬೇಕಾದರೂ ಹಿಂದಿರುಗಿ ಬರುವಂತಿರಬೇಕು ಅಂದಳು. ಅಂಥದು ರುವಾಪೆಹುವಿನ ಕೆಳಭಾಗದಲ್ಲಿ, ಸ್ಕೀ ಆಡುವ ಜಾಗದ ಅಂಚಿನಾಚೆ ಒಂದಿದೆ, ಅಗಲವಾದ ದಿಬ್ಬ. ಬೇಕಾದರೆ ತಾನೇ ಕರೆದುಕೊಂಡು ಹೋಗುವೆ ಎಂದಳು.

"ಅದರ ಹೆಸರೇನು?"

"ಹೆಸರಿಲ್ಲ."

ಅಲ್ಲಿ ನನ್ನ ಅನುಮಾನ ಅವಳ ಕಡೆಗೂ ತಿರುಗಿತು. ನಮ್ಮ ವಿಭಾಗದ ಎಳೆಯ ಬಿಳಿಯ ಡಾಕ್ಟರು ಕೇಳಿದ್ದರೆ ಇದೇ ಹೆಸರಿಲ್ಲದ ದಿಬ್ಬ ತೋರಿಸುತ್ತಿದ್ದಳೇ? ತಕಾನಿನಿಯಿಂದ ಬರುವ, ತಲೆಗೆ ದುಪಟ್ಟಾ ಹೊದ್ದ, ಎತ್ತರ ಕಡಿಮೆಯ ಹೆಂಗಸಿಗೆ ಇಷ್ಟು ಸಾಕೆಂದು ಅಳೆದುಬಿಟ್ಟಳೇ? ಒಳಗಿಟ್ಟುಕೊಳ್ಳಲು ಆಗಲಿಲ್ಲ. ಕೇಳಿಯೇಬಿಟ್ಟೆ.

ಅವಳು ಸಿಟ್ಟಾಗಲಿಲ್ಲ. "ನನ್ನ ಮಗನನ್ನು ಮೊದಲು ಕರೆದುಕೊಂಡು ಹೋದದ್ದು ಅಲ್ಲಿಗೇ," ಅಂದಳು. ಪೆನ್ನಿನ ಮುಚ್ಚಳ ಹಾಕುತ್ತ, "ಅವನಿಗೂ ಅವಮಾನ ಆಗಿತ್ತು," ಎಂದು ಸೇರಿಸಿದಳು.

ಅಷ್ಟಕ್ಕೆ ನಂಬಿದೆ ಎಂದಲ್ಲ. ವಾರವಿಡೀ ಸಂಜೆ ಕಂಪ್ಯೂಟರಿನ ಮುಂದೆ ಕೂತೆ. ನಕ್ಷೆಯಲ್ಲಿ ಎತ್ತರದ ಗೆರೆಗಳು ಎಲ್ಲಿ ಒತ್ತೊತ್ತಾಗಿವೆ, ಎಲ್ಲಿ ದೂರ ದೂರ ಇವೆ ಎಂದು ನೋಡಿದೆ. ಹಿಮಕುಸಿತದ ಮುನ್ಸೂಚನೆ ಓದುವುದು ಕಲಿತೆ. ತಾರಾನಾಕಿಯ ಬಗ್ಗೆ ಜನ ಬರೆದದ್ದನ್ನೂ ಓದಿದೆ. ಮುಕ್ಕಾಲು ಪಾಲು ಮಂದಿ ಸುಲಭ ಎಂದೇ ಬರೆದಿದ್ದರು. ಎಲ್ಲರೂ ವಾಪಸ್ಸು ಬಂದವರು, ಅದಕ್ಕೇ ಬರೆದಿದ್ದಾರೆ ಅಂದುಕೊಂಡೆ. ರುವಾಪೆಹುವಿನ ಮೇಲೂ ಅನುಮಾನವೇ. ಅದರ ನೆತ್ತಿಯಲ್ಲಿ ಬಿಸಿನೀರಿನ ಕೆರೆಯಿದೆ, ಒಳಗೆ ಬೆಂಕಿಯಿದೆ. ನಾವು ಹೋಗುವ ದಿನವೇ ಅದಕ್ಕೆ ಏಳಬೇಕೆನ್ನಿಸಿದರೆ? ಆ ಮುನ್ಸೂಚನೆಯನ್ನೂ ದಿನಾ ನೋಡತೊಡಗಿದೆ.

ಇದರ ಮಧ್ಯೆ ಒಂದು ದಿನ ಸ್ಕೂಲಿನಿಂದ ಬರುವಾಗ ಮಗಳು ಕಾರಿನ ಹಿಂದಿನ ಸೀಟಿನಿಂದ ಇಂಗ್ಲಿಷಿನಲ್ಲಿ ಕೇಳಿದಳು, ಅಂಕಲ್ ಬುಕ್ ಮಾಡಿರುವ ಬ್ಯಾಚ್ ಸಮುದ್ರದ ಹತ್ತಿರವೇ ಇದೆಯಾ ಅಂತ. ಬ್ಯಾಚ್ ಅಂದರೆ ಇಲ್ಲಿಯವರ ರಜಾಮನೆ.

"ಯಾವ ಬ್ಯಾಚ್?"

"ದ ಒನ್ ಇನ್ ತಾರಾನಾಕಿ. ಅಬ್ಬಾ ಸೆಡ್ ಇಟ್ಸ್ ಅ ಸರ್ಪ್ರೈಸ್." ಹೇಳಿದ ಮೇಲೆ ಬಾಯಿ ಮುಚ್ಚಿಕೊಂಡಳು.

ಅಂದು ಸಂಜೆ ಗಂಡನ ಜೊತೆ ಜಗಳವಾಯಿತು. ಸ್ನೇಹಿತ ಅಂಗಡಿಗೆ ಬಂದು, ಗಂಡನ ತಲೆ ಸವರಿ, ಆಗಸ್ಟಿನ ಒಂದು ವಾರಾಂತ್ಯಕ್ಕೆ ಮನೆ ಗೊತ್ತುಮಾಡಿಬಿಟ್ಟಿದ್ದ. ಅಲ್ಲಿಗೆ ಹೋದ ಮೇಲೆ ಬೆಟ್ಟ ನೋಡಿ ನಾನೂ ಒಪ್ಪುತ್ತೇನೆಂಬ ಲೆಕ್ಕ ಇಬ್ಬರದೂ.

"ಅವಗ ದಾರಿ ಗೊತ್ತೈತಿ, ಒಮ್ಮೆ ಹತ್ತ್ಯಾನ," ಎಂದ ಗಂಡ.

"ಹತ್ತ್ಯಾನಂತ ಅವ ಹೇಳ್ತಾನ. ನಿನ್ನ ಅಂಗಡಿಗೆ ಸವದ ಟೈರ್ ತಗೊಂಡ ಬಂದಾವ 'ಇನ್ನೂ ಒಂದ ವರ್ಷ ನಡೀತಾವ' ಅಂದ್ರ ನೀ ಏನಂತಿ?"

"ಬ್ರೇಕ್ ಹಾಕಿದಾಗ ಗೊತ್ತಾಗತೈತಿ ಅಂತೇನಿ."

"ಆ ಬೆಟ್ಟದಾಗ ಬ್ರೇಕ್ ಯಾವುದು? ಹಾಕೂದು ನಿನಗ ಬರತೈತೇನು? ನನಗ ಬರತೈತೇನು?"

ಅವನು ಎರಡೂ ಕೈ ಮೇಲೆತ್ತಿದ. ಅವನಲ್ಲಿ ನನಗೆ ಇಷ್ಟವಾಗುವ ಗುಣವೇ ಅದು. ಸೋತಾಗ ಒಪ್ಪಿಕೊಳ್ಳುತ್ತಾನೆ, ಮುಖ ಊದಿಸಿಕೊಳ್ಳುವುದಿಲ್ಲ.

ಸ್ನೇಹಿತನಿಗೆ ನಾನೇ ಫೋನ್ ಮಾಡಿದೆ. ನಾವು ರುವಾಪೆಹುವಿಗೆ ಹೋಗುತ್ತಿದ್ದೇವೆ, ನನ್ನ ಸಹೋದ್ಯೋಗಿ ಕಲಿಸುತ್ತಾಳೆ, ನೀನೂ ಬಾ ಎಂದೆ.

"ಅದೂ ಒಂದು ಬೆಟ್ಟನಾ?" ಎಂದ. "ಕಾರ್ ಪಾರ್ಕ್ ಪಕ್ಕದ ದಿಬ್ಬ ಅದು. ಮಕ್ಕಳು ಜಾರ್‌ಬಂಡೆ ಆಡೋ ಜಾಗ."

"ನಮಗ ಅಷ್ಟ ಸಾಕು."

"ಸರಿ. ಅದು ವಾರ್ಮಪ್ ಅನ್ಕೋಳೋಣ. ಅದಾದ್ಮೇಲೆ ತಾರಾನಾಕಿ," ಎಂದ. ಇಷ್ಟು ಬೇಗ ಒಪ್ಪಿಕೊಂಡದ್ದು ಯಾಕೆಂದು ನಾನು ಫೋನ್ ಇಟ್ಟ ಮೇಲೂ ಯೋಚಿಸುತ್ತಿದ್ದೆ.

ಗೊತ್ತುಮಾಡಿದ ಮೊದಲ ವಾರ ಸಹೋದ್ಯೋಗಿ ಬೇಡವೆಂದಳು, ಮೇಲೆ ಗಾಳಿ ಜೋರು. ಮುಂದಿನ ವಾರ ಆಕಾಶ ತಿಳಿಯಾಗಿತ್ತು, ಆದರೂ ಬೇಡವೆಂದಳು. ಹಳೆಯ ಗಟ್ಟಿ ಹಿಮದ ಮೇಲೆ ಹೊಸದು ಬಹಳ ಬಿದ್ದಿದೆ, ಅವೆರಡೂ ಇನ್ನೂ ಒಂದಕ್ಕೊಂದು ಅಂಟಿಕೊಂಡಿಲ್ಲ ಎಂದಳು. ತಪ್ಪಿಸಿಕೊಳ್ಳುತ್ತಿದ್ದಾಳೆ ಎಂದು ನನಗನ್ನಿಸಿತು. ನೀಲಿ ಆಕಾಶ ಇಟ್ಟುಕೊಂಡು ಮನೆಯಲ್ಲಿ ಕೂರಿಸುವವಳು ಇನ್ನು ಯಾವಾಗ ಕರೆದುಕೊಂಡು ಹೋಗುತ್ತಾಳೆ? ಸ್ನೇಹಿತ ದಿನಕ್ಕೊಂದು ಮೆಸೇಜು ಕಳಿಸುತ್ತಿದ್ದ, ಇನ್ನು ಬೇಸಗೆಗೇ ಹೋಗೋಣವಾ ಎಂದು ಅಣಕಿಸಿ. ಅದರ ಮುಂದಿನ ವಾರ ಅವಳೇ ನನ್ನ ಹತ್ತಿರ ಬಂದು, "ಈ ಶನಿವಾರ," ಅಂದಳು.

ಶುಕ್ರವಾರ ಮಗಳನ್ನು ಬಾಟನಿ ಡೌನ್ಸ್‌ನಲ್ಲಿ ಸ್ನೇಹಿತನ ಹೆಂಡತಿಯ ಹತ್ತಿರ ಬಿಟ್ಟು, ಗಂಡನ ಯೂಟಿನಲ್ಲಿ, ಅಂದರೆ ಪಿಕಪ್ ಗಾಡಿಯಲ್ಲಿ, ನಾವು ಮೂವರೂ ಹೊರಟೆವು. ಯೂಟಿನ ನಾಲ್ಕೂ ಟೈರುಗಳನ್ನು ಗಂಡ ಹೊಸದು ಹಾಕಿದ್ದ. ಬೆಟ್ಟದ ಬುಡದ ಊರಿನಲ್ಲಿ ಒಂದು ಕ್ಯಾಬಿನ್ನಿನಲ್ಲಿ ಉಳಿದೆವು. ಬಾಡಿಗೆಯ ಬೂಟು, ಬೂಟಿನ ತಳಕ್ಕೆ ಕಟ್ಟುವ ಕಬ್ಬಿಣದ ಹಲ್ಲುಗಳು, ಹಿಮಗೊಡಲಿ, ಹೆಲ್ಮೆಟ್ಟು. ಪ್ರತಿ ಬಕಲ್ಲನ್ನೂ ಎಳೆದೆಳೆದು ನೋಡಿದೆ. ಅಂಗಡಿಯವನು ಅದನ್ನೆಲ್ಲ ನೋಡುತ್ತ ನಿಂತಿದ್ದ.

ಶನಿವಾರ ಬೆಳಿಗ್ಗೆ ಆಕಾಶದಲ್ಲಿ ಒಂದು ಚೂರು ಮೋಡವಿರಲಿಲ್ಲ. ಅಷ್ಟು ನೀಲಿ ಇರುವುದೇ ನನಗೆ ಸರಿಕಾಣಲಿಲ್ಲ. ಕಾರ್ ಪಾರ್ಕಿನಲ್ಲಿ ಬ್ಯಾಗು ಬೆನ್ನಿಗೇರಿಸುವಾಗ ಸ್ನೇಹಿತ ಎಡಗೈಯನ್ನು ಮೈಗೆ ಒತ್ತಿಕೊಂಡು ಮೊದಲು ಅದನ್ನೇ ಪಟ್ಟಿಯೊಳಗೆ ತೂರಿಸಿದ, ಆಮೇಲೆ ಬಲಗೈ. ಭುಜ ನೋಯುವವರು ಹಾಗೆ ಮಾಡುತ್ತಾರೆ. ಎಕ್ಸ್‌ರೇ ಕೋಣೆಯಲ್ಲಿ ದಿನಾ ನೋಡುವ ವಿಷಯ, ಕಣ್ಣಿಗೆ ಬಿತ್ತು. ಜಿಮ್ಮಿನಲ್ಲಿ ಏನೋ ಮಾಡಿಕೊಂಡಿದ್ದಾನೆ ಎಂದುಕೊಂಡು ನನ್ನ ಬೂಟಿನ ಲೇಸಿನ ಕಡೆ ತಿರುಗಿದೆ.

ಸಹೋದ್ಯೋಗಿ ನಮ್ಮನ್ನು ಮೊದಲು ಕರೆದೊಯ್ದದ್ದು ಒಂದು ತಗ್ಗಿಗೆ. ಇಳಿಜಾರು ಕೆಳಗೆ ಹೋಗಿ ನಿಧಾನವಾಗಿ ಸಮತಟ್ಟಾಗುತ್ತಿತ್ತು. ಆ ಕಾಗದದ ಮೇಲಿನ ಎರಡನೆಯ ಗೆರೆ ಇದೇ ಎಂದು ಗೊತ್ತಾಯಿತು. ಇಲ್ಲಿ ಬೇಕೆಂತಲೇ ಬೀಳಬೇಕು, ಜಾರಬೇಕು, ಹೊಟ್ಟೆಯ ಮೇಲೆ ತಿರುಗಿ ಹಿಮಗೊಡಲಿಯ ಮೊನೆಯನ್ನು ಎದೆಯ ಭಾರದಿಂದ ಹಿಮಕ್ಕೆ ಒತ್ತಿ ನಿಲ್ಲಬೇಕು. ಅದು ಬಂದವರು ಮಾತ್ರ ಮೇಲೆ ಎಂದಳು. ಅಭ್ಯಾಸಕ್ಕೆ ಬೂಟಿನ ಕಬ್ಬಿಣದ ಹಲ್ಲುಗಳನ್ನು ಬಿಚ್ಚಿಸಿದಳು, ಜಾರುವಾಗ ಅವು ಸಿಕ್ಕಿಕೊಂಡರೆ ಕಾಲು ಮುರಿಯುತ್ತದಂತೆ.

ಗಂಡ ಮೊದಲ ಸಲವೇ ತಳದವರೆಗೆ ಹೋಗಿ, ನಗುತ್ತ ಎದ್ದು, ಗಡ್ಡದಲ್ಲಿ ಹಿಮ ತುಂಬಿಕೊಂಡು ಮೇಲೆ ಬಂದ. ಎರಡನೆಯ ಸಲ ನಿಂತ. ನನಗೆ ಬಹಳ ಹೊತ್ತು ಹಿಡಿಯಿತು. ಜಾರತೊಡಗಿದ ಕ್ಷಣ ಕೈಗೆ ಹೇಳಿದ್ದೆಲ್ಲ ಮರೆತುಹೋಗುತ್ತಿತ್ತು. ಹಲವು ಸಲ ಬಿದ್ದ ಮೇಲೆ ಒಮ್ಮೆ ಕೊಡಲಿ ಕಚ್ಚಿತು, ನಾನು ಅಲ್ಲೇ ಕವುಚಿ ಮಲಗಿ ಹಿಮದ ವಾಸನೆ ಕುಡಿದೆ. ಇನ್ನೊಮ್ಮೆ ಮಾಡು ಎಂದಳು. ಮಾಡಿದೆ.

ಸ್ನೇಹಿತ ಪಕ್ಕದಲ್ಲಿ ನಿಂತೇ ಇದ್ದ. "ನಂಗೆ ಬರುತ್ತೆ. ಮಾಡಿದೀನಿ," ಎಂದು ಇಂಗ್ಲಿಷಿನಲ್ಲಿ ಅವಳಿಗೂ ಹೇಳಿದ.

ಈಗ ಸಿಕ್ಕಿಬಿದ್ದ ಎಂದುಕೊಂಡೆ. ಬರುವುದಿಲ್ಲ, ಎಂದೂ ಮಾಡಿಲ್ಲ, ಬೆಟ್ಟವನ್ನೂ ಹತ್ತಿಲ್ಲ. "ಬರತೈತಿ ಅಂದ್ರ ಒಮ್ಮೆ ತೋರಸು," ಎಂದೆ. ಗಂಡ ನನ್ನ ಕಡೆ ಸಾಕು ಎನ್ನುವಂತೆ ನೋಡಿದ.

ಸ್ನೇಹಿತ ಕೊಡಲಿ ಹಿಡಿದು ಇಳಿಜಾರಿನ ಅಂಚಿನಲ್ಲಿ ಕುಳಿತ. ಹಿಡಿದ ರೀತಿ ಸರಿಯಾಗಿತ್ತು, ನನಗಿಂತ ಚೆನ್ನಾಗಿತ್ತು. ಕಾಲು ಚಾಚಿದ. ಆದರೆ ಹಿಮ್ಮಡಿಯನ್ನು ಹಿಮದಲ್ಲಿ ಊರಿ ಇಟ್ಟವನು ಅದನ್ನು ಎತ್ತಲೇ ಇಲ್ಲ. ಅಲ್ಲೇ ಕೂತ. ಅಷ್ಟು ಚಳಿಯಲ್ಲಿ ಮುಖದ ಮೇಲೆ ಬೆವರು. ಸಹೋದ್ಯೋಗಿ ಸದ್ದಿಲ್ಲದೆ ಅವನ ಕೆಳಗಡೆಗೆ ಹೋಗಿ ನಿಂತು, "ಪರವಾಗಿಲ್ಲ, ಹಿಂದಕ್ಕೆ ಸರಿ," ಎಂದಳು. ಅವನು ಕೂತಲ್ಲಿಂದಲೇ ಹಿಂದೆ ಹಿಂದೆ ಸರಿದು ಸಮನೆಲಕ್ಕೆ ಬಂದ.

ಇದು ಗೊತ್ತಿಲ್ಲದವನ ಭಯವಲ್ಲ. ಗೊತ್ತಿಲ್ಲದವರ ಭಯ ಹೇಗಿರುತ್ತದೆಂದು ಆಗ ತಾನೇ ನಾನೇ ಅನುಭವಿಸಿದ್ದೆ.

ಸಹೋದ್ಯೋಗಿ ಗಂಡನಿಗೆ ಹೆಜ್ಜೆ ಊರುವುದನ್ನು ಕಲಿಸುತ್ತಿದ್ದಾಗ ನಾನು ಹೋಗಿ ಸ್ನೇಹಿತನ ಪಕ್ಕ ಕೂತೆ. ಥರ್ಮಾಸಿನಿಂದ ಚಹ ಬಗ್ಗಿಸಿ ಕೊಟ್ಟೆ. ಕುಡಿದ. ಆಮೇಲೆ ನನ್ನ ಕಡೆ ನೋಡದೆ ಹೇಳಿದ.

"ಟಾಪ್‌ಗೆ ಹೋಗಿದ್ದೆ. ಅದು ನಿಜ."

"ಮತ್ತ?"

"ಇಳಿಯೋವಾಗ ಜಾರ್ದೆ. ಕೊಡಲಿ ಕೈಯಿಂದ ಕಿತ್ಕೊಂಡು ಹೋಯ್ತು. ಎಷ್ಟು ದೂರ ಹೋದೆ ಅಂತ ಗೊತ್ತಿಲ್ಲ. ಒಂದು ಕಲ್ಲಿನ ಹಿಂದೆ ಗಾಳಿಗೆ ಗುಡ್ಡೆ ಬಿದ್ದಿದ್ದ ಮೆತ್ತನೆ ಹಿಮ ಇತ್ತು, ಅದರಲ್ಲಿ ನಿಂತೆ. ಅದರ ಕೆಳಗೆ ಏನೂ ಇರ್ಲಿಲ್ಲ."

"ಭುಜ?"

"ಕಳಚಿತ್ತು. ಆ ಫೋಟೋ ತೆಗೆದವರೇ ನನ್ನ ಇಳಿಸಿದ್ರು. ಅಲ್ಲೇ ಆಸ್ಪತ್ರೆಯಲ್ಲಿ ಭುಜ ಕೂರಿಸಿದ್ರು. ಮನೇಲಿ ಮೋಟೆಲ್ ಮೆಟ್ಟಿಲ ಮೇಲೆ ಜಾರಿದೆ ಅಂದೆ."

ಹಾಗಾದರೆ ಮೇಜಿನ ಮೇಲಿನ ಆ ಚಿತ್ರ ಸುಳ್ಳಲ್ಲ. ನಾನು ಇಷ್ಟು ದಿನ ತಪ್ಪಾದ ಜಾಗದಲ್ಲಿ ಹುಡುಕುತ್ತಿದ್ದೆ. ಒಂದು ಕ್ಷಣ ಅವನ ಮೇಲೆ ಮರುಕ ಬಂತು. ಅದು ಬಂದ ಹಿಂದೆಯೇ ಇನ್ನೊಂದು ಪ್ರಶ್ನೆ ಬಂತು.

"ಅಷ್ಟಾದ ಮ್ಯಾಲೂ ನಮ್ಮನ್ನ ಅಲ್ಲಿಗೇ ಯಾಕ ಕರದಿ?"

"ಒಬ್ನೇ ಹೋಗೋಕೆ ಆಗಲ್ಲ. ಹೋಗ್ದೇ ಇರೋಕೂ ಆಗ್ತಿಲ್ಲ. ಕಣ್ಣು ಮುಚ್ಚಿದ್ರೆ ಜಾರ್ತಾನೇ ಇರ್ತೀನಿ. ಇನ್ನೊಂದು ಸಲ ನೆಟ್ಟಗೆ ಹತ್ತಿ ಇಳಿದ್ರೆ ಮುಗಿಯುತ್ತೆ ಅನ್ಸಿತ್ತು. ನೀವಿಬ್ರೂ ಜೊತೆಗಿದ್ರೆ ಧೈರ್ಯ ಇರುತ್ತೆ ಅಂದ್ಕೊಂಡೆ."

"ನಾವಿಬ್ರು. ಬರ್ಫದಾಗ ಒಂದ ದಿನ ನಡೀಲಾರದವರು."

"ತಪ್ಪು ನಂದು."

"ನನ್ನ ಮಗಳು ಈಗ ನಿನ್ನ ಮನ್ಯಾಗ ಕುಂತಾಳ," ಅಂದೆ. ಧ್ವನಿ ಏರಿಸಲಿಲ್ಲ. ಏರಿಸಿದ್ದರೆ ಅಳು ಬರುತ್ತಿತ್ತು. "ನೀ ಇದನ್ನ ನಿನ್ನ ಹೇಂತಿಗೆ ಹೇಳ್ಬೇಕು. ನೀ ಹೇಳಲಿಲ್ಲಂದ್ರ ನಾನ ಹೇಳ್ತೇನಿ."

ಅವನು ತಲೆಯಾಡಿಸಿದ. ಆ ತಲೆಯಾಡಿಸುವಿಕೆಯನ್ನು ನಂಬಬೇಕೋ ಬೇಡವೋ ನನಗೆ ತಿಳಿಯಲಿಲ್ಲ.

ಸಹೋದ್ಯೋಗಿಗೆ ನಡೆದದ್ದನ್ನು ಚುಟುಕಾಗಿ ಹೇಳಿದೆ. ಅವಳು ಅವನನ್ನು ಬೈಯಲೂ ಇಲ್ಲ, ಸಮಾಧಾನ ಮಾಡಲೂ ಇಲ್ಲ. ಬರುವುದಾದರೆ ನನ್ನ ಹಿಂದೆಯೇ ಬಾ, ಸಾಕು ಅನ್ನಿಸಿದ ಜಾಗದಲ್ಲಿ ಹೇಳು, ಎಲ್ಲರೂ ಅಲ್ಲಿಂದಲೇ ಇಳಿಯೋಣ ಎಂದಳು. ನನಗೆ ಸಿಟ್ಟು ಬಂತು. ಇಷ್ಟು ದಿನ ಕಾದು ಬಂದ ನನ್ನ ಬೆಟ್ಟ ಅವನ ಒಂದು ಮಾತಿನ ಮೇಲೆ ನಿಂತಿತಲ್ಲ ಎಂದು.

ಹತ್ತತೊಡಗಿದೆವು. ದಿಬ್ಬ ಅಗಲವಾಗಿತ್ತು, ನಮ್ಮೂರ ಕಡೆಯ ಯಾವುದೋ ಗುಡ್ಡದ ಬೆನ್ನಿನ ಹಾಗೆ, ಬಣ್ಣ ಮಾತ್ರ ಬೇರೆ. ಬೂಟಿನ ಹಲ್ಲುಗಳು ಕರಕ್ ಕರಕ್ ಎಂದು ಕಚ್ಚುತ್ತಿದ್ದವು. ಪ್ರತಿ ಹೆಜ್ಜೆಗೂ ನಾನು ಪಕ್ಕಕ್ಕೆ ನೋಡಿ, ಇಲ್ಲಿ ಬಿದ್ದರೆ ಎಲ್ಲಿಗೆ ಹೋಗುತ್ತೇನೆ ಎಂದು ಕೇಳಿಕೊಳ್ಳುತ್ತಿದ್ದೆ. ಪ್ರತಿ ಸಲವೂ ಉತ್ತರ ಸಿಗುತ್ತಿತ್ತು: ಆ ತಗ್ಗಿಗೆ, ಆ ಸಮತಟ್ಟಿಗೆ. ಮುಂದೆ ಗಂಡ, ಹಿಂದೆ ಸಹೋದ್ಯೋಗಿ, ಅವಳ ಹೆಜ್ಜೆಯಲ್ಲೇ ಹೆಜ್ಜೆ ಇಡುತ್ತ ಸ್ನೇಹಿತ. ಒಂದು ಕಡೆ ಸ್ವಲ್ಪ ಕಡಿದಾಗಿತ್ತು. ಅಲ್ಲಿ ಅವನು ನಿಂತ. ನಾವೂ ನಿಂತೆವು. ಆಮೇಲೆ ಅವನೇ ಹೊರಟ.

ತುದಿ ಎನ್ನಲು ಅಲ್ಲಿ ಏನೂ ಇರಲಿಲ್ಲ. ದಿಬ್ಬ ಏರುವುದನ್ನು ನಿಲ್ಲಿಸಿತ್ತು, ಅಷ್ಟೇ. ಮುಂದೆ ನಿಜವಾದ ಬೆಟ್ಟ ಎದ್ದುಕೊಂಡು ಹೋಗಿತ್ತು, ನಾವು ಅದರ ಮಂಡಿಯ ಮೇಲೆ ನಿಂತವರು. ಪಶ್ಚಿಮಕ್ಕೆ, ಬಹು ದೂರದಲ್ಲಿ, ಮೋಡದ ಮೇಲೆ ತಾರಾನಾಕಿಯ ಕೋಡು ತೇಲುತ್ತಿತ್ತು. ಅಷ್ಟು ಚಂದದ ಆಕಾರ ನೋಡಿಯೇ ನನಗೆ ಅದರ ಮೇಲೆ ಇನ್ನಷ್ಟು ಗುಮಾನಿ ಬಂತು. ಸ್ನೇಹಿತ ಒಂದು ಸಲ ಆ ಕಡೆ ನೋಡಿ ಕೂತ. ಗಂಡ ನನ್ನ ಕೈಗವಸಿನ ಮೇಲೆ ತನ್ನ ಕೈಗವಸು ಇಟ್ಟು, "ಹತ್ತಿದಿ ನೋಡ," ಎಂದ. ಹೌದು, ಹತ್ತಿದ್ದೆ. ಖುಷಿಯಾಯಿತು. ಆ ಖುಷಿಯನ್ನು ಮಾತ್ರ ನಾನು ಯಾವ ಅನುಮಾನವೂ ಇಲ್ಲದೆ ಇಟ್ಟುಕೊಂಡೆ. ಗಾಳಿ ಏಳತೊಡಗಿತ್ತು. ಸಹೋದ್ಯೋಗಿ ಬಿಸ್ಕತ್ತು ಹಂಚಿ, "ಇಳಿಯುವುದು ಅರ್ಧ ಕೆಲಸ," ಎಂದು ನಮ್ಮನ್ನು ತಿರುಗಿಸಿದಳು.

ಭಾನುವಾರ ಯೂಟಿನಲ್ಲಿ ವಾಪಸ್ಸು ಹೊರಟೆವು. ದಾರಿಯುದ್ದಕ್ಕೂ ಅವನು ಹೇಳುತ್ತಾನೋ ಇಲ್ಲವೋ ಎಂದೇ ನನ್ನ ಯೋಚನೆ. ಮಧ್ಯಾಹ್ನ ಬಾಟನಿ ಡೌನ್ಸ್‌ನ ಅವರ ಮನೆ ತಲುಪಿದೆವು. ಮಗಳು ಟೀವಿ ಮುಂದೆ ಕೂತಿದ್ದಳು. ಅವನ ಹೆಂಡತಿ ಚಹಕ್ಕೆ ಇಟ್ಟಳು. ಅವನು ಅಡುಗೆಮನೆಗೆ ಹೋದ. ಬಾಗಿಲು ಹಾಕಿದ ಸದ್ದಾಯಿತು. ಗಂಡ ಟೀವಿಯ ಸದ್ದು ಸ್ವಲ್ಪ ಏರಿಸಿದ.

ಬಹಳ ಹೊತ್ತಾದ ಮೇಲೆ ಅವಳು ಒಬ್ಬಳೇ ಹೊರಗೆ ಬಂದಳು. ಅತ್ತಿರಲಿಲ್ಲ. ನೇರವಾಗಿ ನನ್ನ ಮುಂದೆ ನಿಂತಳು.

"ನಿಂಗೆ ಯಾವಾಗ ಗೊತ್ತಾಯ್ತು?"

"ನಿನ್ನೆ."

"ನೀನು ಎಕ್ಸ್‌ರೇ ತೆಗೆಯೋಳು. ನಮ್ಮನೆಗೆ ಬರ್ತಿದ್ದೆ, ಅವನು ಕೈ ಎತ್ತದೇ ಇರೋದನ್ನ ನೋಡ್ತಿದ್ದೆ. ಮೆಟ್ಟಿಲು ಅಂತ ನಾನು ನಂಬಿದೆ, ಸರಿ. ನಿಂಗೆ ಹೇಗೆ ಅನುಮಾನ ಬರ್ಲಿಲ್ಲ?"

"ಕಾರ್ ಪಾರ್ಕ್‌ನಾಗ ಕಣ್ಣಿಗೆ ಬಿತ್ತು. ಅದಕಿಂತ ಮೊದಲ ನಾ ನೋಡೇ ಇಲ್ಲ. ಖರೇ ಹೇಳ್ತೇನಿ."

"ನೀನು ಎಲ್ಲಾನೂ ನೋಡೋಳು," ಎಂದಳು. ಮಗಳ ಬ್ಯಾಗು ತಂದು ನನ್ನ ಕೈಗೆ ಕೊಟ್ಟಳು. ಚಹ ಒಲೆಯ ಮೇಲೇ ಉಳಿಯಿತು.

ಅದಾದ ಮೇಲೆ ತಿಂಗಳುಗಟ್ಟಲೆ ಅವಳು ನನ್ನ ಜೊತೆ ನೆಟ್ಟಗೆ ಮಾತಾಡಲಿಲ್ಲ. ನನ್ನ ಗಂಡನಿಗೂ ಮುಂಚೆಯೇ ಗೊತ್ತಿತ್ತು, ಮೂವರೂ ಸೇರಿ ತನ್ನಿಂದ ಮುಚ್ಚಿಟ್ಟರು ಎಂದು ಅವಳ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಎಷ್ಟು ಹೇಳಿದರೂ ಅವಳಿಗೆ ಸಾಲುತ್ತಿರಲಿಲ್ಲ. ಈದ್‌ಗೆ ಬರಲಿಲ್ಲ, ದೀಪಾವಳಿಗೆ ಕರೆಯಲಿಲ್ಲ. ಒಬ್ಬರ ಅನುಮಾನದ ಎದುರು ನಿಲ್ಲುವುದು ಹೇಗಿರುತ್ತದೆಂದು ಆ ಬೇಸಗೆಯೆಲ್ಲ ನೋಡಿದೆ. ಏನು ಹೇಳಿದರೂ ಅದು ಇನ್ನೊಂದು ಸುಳಿವಾಗಿ ಹೋಗುತ್ತದೆ.

ಬ್ಯಾಚ್ ರದ್ದಾಗಿತ್ತು. ಸ್ನೇಹಿತ ವೈದ್ಯರ ಹತ್ತಿರ ಹೋಗಿ ನಿದ್ದೆಯ ವಿಷಯ ಮಾತಾಡಿದ ಎಂದು ಗಂಡನಿಂದ ತಿಳಿಯಿತು. ಮುಂದಿನ ಚಳಿಗಾಲಕ್ಕೆ ಕ್ಲಬ್ಬಿನ ಹೊಸಬರ ತರಬೇತಿಗೆ, ಮೊದಲಿನಿಂದ ಕಲಿಯಲೆಂದು, ಹೆಸರು ಕೊಟ್ಟ. ಆಗ ಅವನ ಹೆಂಡತಿಯೇ ನನಗೆ ಫೋನ್ ಮಾಡಿದಳು. ಅವನು ಕಲಿಯುವ ಜಾಗ ತಾನು ನೋಡಬೇಕು, ನೀನು ಬಾ ಎಂದಳು. ಕ್ಷಮೆಯ ಮಾತು ಅವಳೂ ಆಡಲಿಲ್ಲ, ನಾನೂ ಆಡಲಿಲ್ಲ.

ಆ ತಗ್ಗಿನ ತಳದಲ್ಲಿ ನಾವಿಬ್ಬರೂ ಮಡಚುವ ಕುರ್ಚಿ ಹಾಕಿಕೊಂಡು ಕೂತೆವು. ಅವಳು ಕೈಕಟ್ಟಿಕೊಂಡು ಮೇಲಕ್ಕೇ ನೋಡುತ್ತಿದ್ದಳು. ನನ್ನ ಸಹೋದ್ಯೋಗಿ ಹತ್ತಿರ ಬಂದಾಗ ಅವಳನ್ನು ನಿಲ್ಲಿಸಿ ಹಗ್ಗ ಯಾಕಿಲ್ಲ, ಹಿಮ ನಿನ್ನೆ ಹೇಗಿತ್ತು, ಗಾಳಿ ಯಾವ ದಿಕ್ಕಿನದು, ಕಳೆದ ಸಲ ಯಾರಿಗಾದರೂ ಪೆಟ್ಟಾಗಿದೆಯೇ ಎಂದೆಲ್ಲ ಕೇಳಿದಳು. ನಾನು ಕೇಳಿದ್ದಕ್ಕಿಂತ ಗಟ್ಟಿಯಾದ ಪ್ರಶ್ನೆಗಳು. ಉತ್ತರ ಸಿಕ್ಕ ಮೇಲೂ ಅವಳ ಹುಬ್ಬು ಸಡಿಲವಾಗಲಿಲ್ಲ.

"ಇನ್ನೂ ಏನಾದ್ರೂ ಇದೆಯಾ, ನಂಗೆ ಹೇಳ್ದೇ ಇರೋದು?" ಎಂದು ನನ್ನ ಕಡೆ ತಿರುಗದೆ ಕೇಳಿದಳು.

"ಇಲ್ಲ."

"ನೋಡೋಣ," ಎಂದು ಫ್ಲಾಸ್ಕಿನ ಮುಚ್ಚಳ ತಿರುಗಿಸಿ, ನನ್ನ ಲೋಟಕ್ಕೆ ಕಾಫಿ ಬಗ್ಗಿಸಿದಳು. ಮೇಲೆ ಅವನು ಇಳಿಜಾರಿನ ಅಂಚಿನಲ್ಲಿ ಕೂತು, ಹಿಮ್ಮಡಿ ಎತ್ತಿದ್ದ.